ಮಾತುಕತೆ ನಡೆಯುತ್ತಿದ್ದಾಗ ಹೊರಟವನು

ಮೊನ್ನೆ ಕೆಂಕೆರೆಯ ನೆಂಟರ ಮನೆಯಲ್ಲಿ ಸಂಜೆ ಕೊಟ್ಟಿಗೆಗೆ ಬೆರಣಿ ಹೊಗೆ ಹಾಕಿದ್ದರು. ಸೊಳ್ಳೆ ಓಡಿಸುವ ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಬಹಳ ವರ್ಷಗಳ ಹಿಂದೆ ತಿಪಟೂರಿನ ನಮ್ಮ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗ ನೆನಪಾದ.

ಅವನು ದಕ್ಷಿಣ ಸುಡಾನಿನವನು. ಓದಲು ಬಂದಿದ್ದ. ಅವನ ದೇಶ ಬೇರೆಯಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬರಲಾಗದಷ್ಟು ಎತ್ತರ. ಮೊದಮೊದಲು ಯಾರೊಂದಿಗೂ ಮಾತಿಲ್ಲ. ಒಂದು ಸಂಜೆ ಅಮ್ಮ ಹಿತ್ತಲ ಕೊಟ್ಟಿಗೆಯಲ್ಲಿ ಹೊಗೆ ಹಾಕುತ್ತಿದ್ದಾಗ ಮಹಡಿಯಿಂದಿಳಿದು ಬಂದು, ಹಸುವಿನ ಪಕ್ಕ ಸುಮ್ಮನೆ ನಿಂತುಬಿಟ್ಟ. ಅವರಲ್ಲೂ ಸಗಣಿ ಸುಟ್ಟು, ಆ ಹೊಗೆಯಲ್ಲೇ ದನವೂ ಜನವೂ ಮಲಗುತ್ತಾರಂತೆ... ಅವತ್ತಿನಿಂದ ಅಮ್ಮನಿಗೆ ಅವನು ಬಾಡಿಗೆಯವನಾಗಿ ಉಳಿಯಲಿಲ್ಲ. ಉದ್ದುದ್ದ ಕೋಡಿನ ದನಗಳ ನಡುವೆ ಬೆಳೆದ ಅವನು ಕೋಡಿಲ್ಲದ ನಮ್ಮ ಸೀಮೆಹಸುವನ್ನು ಕಂಡು ಮರುಗುತ್ತಿದ್ದ. ಅವನು ಮುದ್ದೆಯನ್ನು ನುಂಗದೆ ಅಗಿಯುವುದನ್ನು ನೋಡಿ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಅವನ ತಾಯಿ, ತಂಗಿ ಇದ್ದದ್ದು ಗಡಿಯ ಹತ್ತಿರದ ಊರಿನಲ್ಲಿ. ಎಣ್ಣೆ ಬಾವಿಗಳ ವಿಚಾರವಾಗಿ ಹೊಸ ದೇಶಕ್ಕೂ ಪಕ್ಕದ ಸುಡಾನಿಗೂ ಅಲ್ಲಿ ಕಾದಾಟವಾಗಿ, ಆಮೇಲೆ ಮಾತುಕತೆ ಶುರುವಾಗಿ ಕದನವಿರಾಮ ಬಂದಿತ್ತು. ಅದು ಉಳಿಯುತ್ತದೆಂಬ ಧೈರ್ಯ ಯಾರಿಗೂ ಇರಲಿಲ್ಲ. ನಮ್ಮ ನಡುಮನೆಯಲ್ಲೇ ಕೂತು ಅವನು ಮೊಬೈಲಿನಲ್ಲಿ ಸುದ್ದಿ ಕೇಳುತ್ತಿದ್ದ.

“ಏನಂತೆ?” ಎಂದು ಅಮ್ಮ ನನ್ನನ್ನು ಕೇಳುತ್ತಿದ್ದಳು.

ಬೇರೆ ದೇಶಗಳ ರಾಯಭಾರಿಗಳು ಕಳವಳ ವ್ಯಕ್ತಪಡಿಸಿದ್ದಾರೆ ಎಂದೆ ಒಂದು ದಿನ.

“ಕಳವಳ ಪಟ್ಕಂಡು ಕೂತ್ರೆ ಆಯ್ತಾ? ಹೋಗಿ ಜಗಳ ಬುಡಿಸ್ಬಾರ್ದಾ?”

ಪರೀಕ್ಷೆ ಹತ್ತಿರವಿದ್ದಾಗಲೇ ಅವನು ಊರಿಗೆ ಹೊರಟು ನಿಂತ. ತಾಯಿಯನ್ನೂ ತಂಗಿಯನ್ನೂ ಗಡಿಯಿಂದ ದೂರ ಕರೆತರಬೇಕಿತ್ತು. ಅಮ್ಮ ರೇಗಿದಳು. “ಜನ ಅಲ್ಲಿಂದ ಓಡೋಡಿ ಬತ್ತಾವ್ರೆ, ನೀನು ಅಲ್ಲಿಗೇ ಹೋಗ್ತೀನಿ ಅಂತೀಯಲ್ಲ. ಎಲ್ಲಾ ತಣ್ಣಗಾಗ್ಲಿ ಕಣಪ್ಪ.”

ಅವನು ಕಲಿತಷ್ಟು ಕನ್ನಡದಲ್ಲೇ ಹೇಳಿದ: “ಈಗ ಮಾತು ನಡೀತಾ ಇದೆ ಅಮ್ಮಾ. ಮಾತು ಇದ್ರೆ ರೋಡು ಇದೆ. ಮಾತು ನಿಂತ್ರೆ ರೋಡು ಇಲ್ಲ.”

ಅಮ್ಮ ಒಳಗೆ ಹೋಗಿ ಕೊಬ್ಬರಿ ಮಿಠಾಯಿ ಕಟ್ಟಿಕೊಟ್ಟಳು. ನಾನು ರೈಲು ಹತ್ತಿಸಿ ಬಂದೆ. “ಮುಂದಿನ ವರ್ಷ ಬತ್ತೀನಿ” ಎಂದ, ಥೇಟ್ ನಮ್ಮೂರಿನವನ ಹಾಗೆ.

ಕೆಲವು ವಾರಗಳ ನಂತರ ಫೋನ್ ಬಂತು. ಇಬ್ಬರನ್ನೂ ರಾಜಧಾನಿಗೆ ಕರೆತಂದಿದ್ದ. ತಾಯಿಯ ಕೈಗೆ ಫೋನ್ ಕೊಟ್ಟ. ಅವರು ಅವರ ಭಾಷೆಯಲ್ಲಿ ಏನೋ ಹೇಳಿದರು. ಅಮ್ಮ ತನಗೆ ಬರುವ ಒಂದೇ ಭಾಷೆಯಲ್ಲಿ, “ಊಟ ಆಯ್ತಾ ನಿಮ್ದು? ಚೆನ್ನಾಗಿ ಸಾಕಿದೀರ ಕಣ್ರೀ ಮಗನ್ನ” ಎಂದಳು. ಆ ಕಡೆಯಿಂದ ಜೋರಾಗಿ ನಗು ಕೇಳಿಸಿತು. ಅಮ್ಮನೂ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ಎರಡು ದೇಶಗಳ ನಡುವಿನ ಒಪ್ಪಂದ ಹೇಗೋ ನಿಂತಿತು. ಆದರೆ ಮರುವರ್ಷ ಆ ಹೊಸ ದೇಶದವರೇ ತಮ್ಮ ತಮ್ಮಲ್ಲಿ ಬಡಿದಾಡಿಕೊಂಡರು, ಅದೂ ರಾಜಧಾನಿಯಲ್ಲೇ. ಅವನ ಫೋನ್ ಆಮೇಲೆ ಬರಲಿಲ್ಲ. ನಾನು ಮಾಡಿದರೂ ಹೋಗಲಿಲ್ಲ. ಜೊತೆಗೆ ಓದಿದವರನ್ನು ವಿಚಾರಿಸಿದೆ, ಯಾರಿಗೂ ಗೊತ್ತಿರಲಿಲ್ಲ...

ಟಿವಿಯಲ್ಲಿ ಯುದ್ಧದ ಸುದ್ದಿ ಬಂದಾಗಲೆಲ್ಲ, ಅದು ಯಾವ ದೇಶದ್ದೇ ಆಗಿರಲಿ, ಅಮ್ಮ ಕೇಳುತ್ತಿದ್ದಳು: “ಮಾತು ನಡೀತಾ ಇದೆಯಾ ಅಲ್ಲಿ?” ನಡೀತಾ ಇದೆ ಎನ್ನುತ್ತಿದ್ದೆ. ಅವಳಿಗೆ ಅಷ್ಟು ಸಾಕಿತ್ತು.

ಈಗಲೂ ಆ ದೇಶದ ಸುದ್ದಿ ಅಪರೂಪಕ್ಕೆ ಬರುತ್ತದೆ. ಶಾಂತಿ ಮತ್ತೆ ಅಲುಗಾಡುತ್ತಿದೆಯಂತೆ. ಅಮ್ಮ ಹೋಗಿ ಎರಡು ವರ್ಷವಾಯಿತು. ತುರುವೇಕೆರೆ, ಹುಳಿಯಾರು ಕಡೆಯ ನೆಂಟರಿಗೆಲ್ಲ ಹೇಳಿ ಕಳಿಸಿದೆವು. ಅವನೊಬ್ಬನಿಗೆ ತಿಳಿಸಲು ಆಗಲಿಲ್ಲ. ಎಲ್ಲಾದರೂ ಬದುಕಿದ್ದರೆ, ತಿಪಟೂರಿನಲ್ಲಿ ಅಮ್ಮ ಇನ್ನೂ ಇದ್ದಾಳೆ ಎಂದೇ ಅವನು ತಿಳಿದಿರುತ್ತಾನೆ.