ನೀಲವ್ವಕ್ಕನ ಹಲಗೆ

ಬೆಳಿಗ್ಗೆಯಿಂದ ಮನೆ ತುಂಬ ಹುಣಸೆಬೀಜದ ಅಂಟು ಕುದಿಯುವ ವಾಸನೆ. ನಿಮಗದು ಹಿಡಿಸಲಿಕ್ಕಿಲ್ಲ, ಗೊಂಬೆಗಳ ಊರಾದ ಕಿನ್ನಾಳದಲ್ಲಿ ಹುಟ್ಟಿದ ನನಗೆ ಮಾತ್ರ ಅದು ಮೂಗಿಗೆ ಬಡಿದರೆ ಹಸಿವಾಗುತ್ತದೆ. ಇಂದು ಆಗಲಿಲ್ಲ. ಬಣ್ಣ ಬಿರಿದ ಮರದ ಕುದುರೆಯೊಂದನ್ನು ಮಂಚದ ಕೆಳಗೆ ತಳ್ಳಿ, ಏನೂ ಆಗದವನಂತೆ ಕುಳಿತಿದ್ದೆ. ಈಗ ನಾನೇ ಮೇಸ್ತ್ರಿ, ನೋಡಿ. ಮೇಸ್ತ್ರಿಯ ಕುದುರೆ ಬಿರಿದರೆ ಹೇಗೆ?

ಆ ವಾಸನೆ ನನ್ನನ್ನು ನೀಲವ್ವಕ್ಕನ ಅಂಗಳಕ್ಕೆ ಎಳೆದೊಯ್ಯಿತು. ಆಗಿನ್ನೂ ನಿಜಾಮರ ಕಾಲ. ಗಂಡ ತೀರಿಕೊಂಡ ಮೇಲೆ ಗೊಂಬೆಯ ಕೆಲಸವೆಲ್ಲ ಆಕೆಯ ಹೆಗಲಿಗೆ ಬಂದಿತ್ತು. ಅದುವರೆಗೆ ಆಕೆ ಅಂಟು ಕುದಿಸುತ್ತಿದ್ದಳಷ್ಟೇ. ಕೆತ್ತುವವರು, ಬಣ್ಣ ಹಚ್ಚುವವರು ನಾವು ಆರು ಜನ ಗಂಡಸರು. ಕೆಟ್ಟ ಗೊಂಬೆಯನ್ನು ಸದ್ದಿಲ್ಲದೆ ಆ ಅಂಟಿನ ಒಲೆಗೇ ಹಾಕುವುದು ನಮ್ಮ ಪದ್ಧತಿ. ಒಲೆಯ ಮುಂದೆ ಕುಳಿತವಳಿಗೆ ಎಲ್ಲ ಕಾಣುತ್ತದೆಂಬುದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಒಮ್ಮೆ ಗಂಗಾವತಿಯ ವ್ಯಾಪಾರಿ ಖಾದರಸಾಬರು ಬುಟ್ಟಿ ತುಂಬ ಗಿಳಿಗಳನ್ನು ಮರಳಿ ತಂದರು. ಬಣ್ಣ ಹಕ್ಕಳೆ ಎದ್ದಿತ್ತು.

"ಮುಂದಿನ ಬುಟ್ಟೀನೂ ಹಿಂಗಾದ್ರ ನಾ ಈ ಕಡಿ ಬರೂದಿಲ್ಲ ನೋಡವ್ವ."

ಅವರು ಬರದಿದ್ದರೆ ಆರೂ ಮನೆಯವರು ಕುಂಚ ಬಿಟ್ಟು ನವಲಿಯ ಗದ್ದೆಗೆ ಕೂಲಿಗೆ ಹೋಗಬೇಕು. ನಾನಂತೂ ಅಲ್ಲೇ ನಿಂತು ಮನಸ್ಸಿನಲ್ಲಿ ಮೊಣಕಾಲುದ್ದ ಕೆಸರಿಗೆ ಇಳಿದುಬಿಟ್ಟಿದ್ದೆ.

ನೀಲವ್ವಕ್ಕ ಯಾರನ್ನೂ ಬಯ್ಯಲಿಲ್ಲ. ಬಾಗಿಲ ಬಳಿ ಒಂದು ಹಲಗೆ ಹೊಡೆಸಿದಳು. "ಇನ್ನ ಒಲಿಗೆ ಹಾಕಬ್ಯಾಡ್ರಿ. ಕೆಟ್ಟದ್ದನ್ನ ಇಲ್ಲಿಡ್ರಿ. ಮುಂಜಾನೆ ಎಲ್ಲಾರೂ ಕೂಡಿ ನೋಡೂಣು."

ಹಿರಿಯ ಕೆತ್ತನೆಗಾರ ಈರಣ್ಣ ಗೊಣಗಿದ: "ಮಾನ ಹರಾಜ ಹಾಕಾಕ ಕಟ್ಟಿ ಕಟ್ಟಿಸಿದಿ ಬಿಡವ್ವ."

ಎಂಟು ದಿನ ಹಲಗೆ ಖಾಲಿ. ಒಂಬತ್ತನೆಯ ಮುಂಜಾನೆ ಅದರ ಮೇಲೊಂದು ಗಡಿಗೆ ಕುಳಿತಿತ್ತು, ತಳ ಹತ್ತಿದ ಅಂಟಿನದು.

"ಇದು ನಂದು," ಎಂದಳು ನೀಲವ್ವಕ್ಕ. "ಮಾತಾಡ್ಕೋತ ನಿಂತೆ, ಹತ್ತಿತು. ನಿಮಗ ಗೊತ್ತಾಗಬಾರದಂತ ಸೋಸಿ ಕೊಟ್ಟಿದ್ದೆ."

ಮರುದಿನ ಈರಣ್ಣ ಸೀಳುಬಿಟ್ಟ ಎತ್ತಿನ ಗೊಂಬೆಯೊಂದನ್ನು ತಂದಿಟ್ಟ. "ಕಟ್ಟಿಗಿ ಹಸೀ ಇತ್ತು. ಗೊತ್ತಿದ್ದೂ ಕೆತ್ತಿದೆ."

ಇನ್ನು ನನ್ನ ಗಿಳಿ. ನೀಲವ್ವಕ್ಕ ಕುಂಚ ಕಸಿದುಕೊಂಡರೆ ಎಂದುಕೊಳ್ಳುತ್ತಲೇ ಅದನ್ನು ಹಲಗೆಯ ಮೇಲಿಟ್ಟೆ.

"ಏನ್ ಮಾಡಿದ್ಯೋ ತಮ್ಮಾ?"

"ಏನಿಲ್ಲಕ್ಕ. ಧೂಳ ಕುಂತೀತಂತ ಬಣ್ಣಕ್ಕಿಂತ ಮೊದಲ ಬಿಳಿ ಲೇಪಾನ ಹಸೀ ಅರಿವಿಲೆ ಒರಿಸ್ತೀನಿ."

"ಎಷ್ಟ್ ಸಲ?"

"ಸಮಾಧಾನ ಆಗೂತನ."

"ಇವಗ ಸಮಾಧಾನ ಆಗೂದ್ಯಾವಾಗ, ಗಿಳಿ ಒಣಗೂದ್ಯಾವಾಗ!" ಎಂದು ಈರಣ್ಣ ತೊಡೆ ತಟ್ಟಿಕೊಂಡು ನಕ್ಕ.

ಮರಳಿ ಬಂದ ಬುಟ್ಟಿಯ ಗಿಳಿಗಳಲ್ಲಿ ಮುಕ್ಕಾಲು ಪಾಲು ನನ್ನವೇ. ಕೆಡದಿರಲೆಂದು ಪಟ್ಟ ಚಿಂತೆಯೇ ಅವನ್ನು ಕೆಡಿಸಿತ್ತು! ನೀಲವ್ವಕ್ಕ ಕುಂಚ ಕಸಿಯಲಿಲ್ಲ. ನನ್ನ ಮಣೆಯನ್ನು ಬಿಸಿಲಿಗೆ ಸರಿಸಿ, ಒಣ ಅರಿವೆಯೊಂದನ್ನು ಕೈಗಿತ್ತಳು. "ಇದರಲೆ ಎಷ್ಟ್ ಬೇಕಾದ್ರೂ ಒರಿಸ್ಕೋ."

ಮುಂದಿನ ಬುಟ್ಟಿ ಮರಳಲಿಲ್ಲ. ಖಾದರಸಾಬರು ಮಾತ್ರ ಮರಳಿದರು, ಇನ್ನೆರಡು ಖಾಲಿ ಬುಟ್ಟಿ ಹೊತ್ತು. ಆದರೆ ಹಲಗೆ ಎಂದೂ ಬರಿದಾಗಲಿಲ್ಲ. ವಾರಕ್ಕೊಂದಾದರೂ ಹೊಸ ತಪ್ಪು ಅದರ ಮೇಲೆ ಬಂದು ಕೂರುತ್ತಿತ್ತು.

ಇಷ್ಟು ನೆನೆದ ಮೇಲೆ ಮಂಚದ ಮೇಲೆ ಕೂರಲಾಗಲಿಲ್ಲ. ಬಗ್ಗಿ ಕುದುರೆಯನ್ನು ಎಳೆದು, ಜೇಡರ ಬಲೆ ಕೊಡವಿ, ಕೆಲಸದವರೆಲ್ಲ ನೋಡುತ್ತಿರುವಂತೆ ನೀಲವ್ವಕ್ಕನಂತೆ ನಾನೂ ಬಾಗಿಲ ಬಳಿ ಹೊಡೆಸಿದ್ದ ಹಲಗೆಯ ಮೇಲಿಟ್ಟೆ.

"ಇದು ನಂದು."

ನನ್ನ ಪಕ್ಕದಲ್ಲಿ ಬಣ್ಣ ಹಚ್ಚುವ ಶರಣಪ್ಪ ಅದನ್ನೆತ್ತಿ ಹಿಂದೆ ಮುಂದೆ ತಿರುಗಿಸಿದ. ಅವನಿಗೆ ನನ್ನ ಹಳೆಯ ಕಥೆ ಗೊತ್ತು.

"ಮೇಸ್ತ್ರಿ, ಮತ್ತ ಒರಿಸಿದ್ರೇನ್ರಿ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗಿನಿಂದ ಅಂಟಿನ ವಾಸನೆ ಬಂತು. ಹೊಟ್ಟೆ ಚೆನ್ನಾಗಿ ಹಸಿದಿತ್ತು.