ಇಶಿದಾ ಸಾನ್‌ಗೆ ಕೇಳಿಸಿದ ಪಬ್

೨೦೨೧ರ ಆಗಸ್ಟ್‌ನಲ್ಲಿ ನಾನು ಜಪಾನಿನ ಗ್ಯೋಟೋಕು ಸ್ಟೇಷನ್ ಹಿಂದಿನ ಬೀದಿಯ ಪುಟ್ಟ ಐರಿಷ್ ಪಬ್ ಒಂದರ ಮ್ಯಾನೇಜರ್ ಆಗಿದ್ದೆ. ಕೋವಿಡ್ ತುರ್ತು ಪರಿಸ್ಥಿತಿ ಜಾರಿಯಲ್ಲಿದ್ದುದರಿಂದ ಮದ್ಯ ಕೊಡುವಂತಿರಲಿಲ್ಲ. ಮಧ್ಯಾಹ್ನ ಕರಿದ ಮೀನು, ಆಲೂ ಚಿಪ್ಸ್ ಪೊಟ್ಟಣ ಕಟ್ಟಿ ಬಾಗಿಲಲ್ಲೇ ಮಾರುತ್ತಿದ್ದೆ.

ತಪ್ಪದೆ ಬರುತ್ತಿದ್ದವರು ಇಶಿದಾ ಸಾನ್; ಸಾನ್ ಅಂದರೆ ಅಲ್ಲಿ ಹೆಸರಿಗೆ ಸೇರಿಸುವ ಗೌರವದ ಮಾತು. ನಿವೃತ್ತ ಕ್ರೇನ್ ಚಾಲಕರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಪಬ್ ನಡೆಯುತ್ತಿದ್ದಾಗ ಸಂಜೆ ಒಂದು ಗ್ಲಾಸ್ ಕಪ್ಪು ಬಿಯರ್ ಹಿಡಿದು, ಸುತ್ತಲಿನವರ ಮಾತು ಕೇಳುತ್ತಾ ಕೂರುವರು. ಇಂಗ್ಲಿಷ್, ನೇಪಾಳಿ, ನಮ್ಮ ಕನ್ನಡ, ಒಂದೂ ಅವರಿಗೆ ಬಾರದು. "ಅರ್ಥ ಆಗದಿದ್ರೇನೇ ಚೆನ್ನ" ಎನ್ನುತ್ತಿದ್ದರು.

ಎರಡು ದಿನ ಅವರು ಕಾಣಲಿಲ್ಲ. ಫೋನ್ ಮಾಡಿದರೆ ಬರೀ ಏದುಸಿರು. ಕೋವಿಡ್. ಹಾಸಿಗೆ ಖಾಲಿಯಿಲ್ಲ, ಮನೆಯಲ್ಲೇ ಇರಿ ಎಂದು ಆರೋಗ್ಯ ಕೇಂದ್ರದವರು ಹೇಳಿದ್ದರಂತೆ. ಗಂಜಿ ಮತ್ತು ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರನ್ನು ಅವರ ಬಾಗಿಲ ಹಿಡಿಗೆ ತೂಗುಹಾಕಿ ಬಂದೆ. ಮರುದಿನ ಮಧ್ಯಾಹ್ನ ಫೋನ್ ಮಾಡಿ ಕೇಳಿದರೆ ರೀಡಿಂಗ್ ಎಂಬತ್ತೆಂಟಕ್ಕೆ ಇಳಿದಿತ್ತು. ತೊಂಬತ್ತಕ್ಕಿಂತ ಕೆಳಗಿಳಿದರೆ ಅಪಾಯ. ಆಂಬುಲೆನ್ಸ್ ಕರೆಸಿದೆ. ಬಂದವರು ಅವರನ್ನು ಗಾಡಿಯೊಳಗೆ ಮಲಗಿಸಿ ಆಕ್ಸಿಜನ್ ಕೊಟ್ಟರು. ಆಮೇಲೆ ಗಾಡಿಯನ್ನು ಅಲ್ಲೇ ನಿಲ್ಲಿಸಿಕೊಂಡು ಒಂದೊಂದೇ ಆಸ್ಪತ್ರೆಗೆ ಫೋನ್ ಮಾಡತೊಡಗಿದರು. ಎಲ್ಲೂ ಜಾಗವಿರಲಿಲ್ಲ.

ಗಾಡಿಯೊಳಗಿಂದ ಇಶಿದಾ ಸಾನ್ ಪಬ್‌ನಲ್ಲಿದ್ದ ನನಗೆ ಫೋನ್ ಮಾಡಿದರು.

"ಸುಮಿಮಾಸೆನ್, ಕ್ಷಮಿಸಿ. ಕಟ್ ಮಾಡ್ಬೇಡಿ. ಕೌಂಟರ್ ಮೇಲಿಟ್ಬಿಡಿ. ಪಬ್‌ನ ಸದ್ದು ಕೇಳ್ಬೇಕು."

ಸದ್ದೆಲ್ಲಿಂದ ತರಲಿ? ಕುರ್ಚಿಗಳೆಲ್ಲ ಮೇಜಿನ ಮೇಲೆ ತಲೆಕೆಳಗಾಗಿದ್ದವು. ಪೊಟ್ಟಣ ಕಟ್ಟಲು ಬಂದಿದ್ದ ನನ್ನ ಗಂಡ ರಘು ಅಡುಗೆಮನೆಯಲ್ಲಿದ್ದರು.

"ರೀ, ಬನ್ನಿ ಇಲ್ಲಿ. ಏನಾದ್ರೂ ಮಾತಾಡಿ."

"ಏನಂತ ಮಾತಾಡ್ಲೇ?"

"ಜಗಳನಾದ್ರೂ ಆಡಿ. ಜೋರಾಗಿ!"

ಪಿಟೀಲಿನ ಹಾಡು ಹಾಕಿದೆ. ಕುರ್ಚಿ ಎಳೆದಾಡಿದೆವು, ಖಾಲಿ ಗ್ಲಾಸು ತಾಗಿಸಿದೆವು. "ನಿಮ್ಮಕ್ಕನ ಮದ್ವೇಲಿ ನಮ್ಮಪ್ಪಂಗೆ ಒಂದ್ ಕಾಫಿ ಕೊಡೋರಿರ್ಲಿಲ್ಲ!" ಎಂದು ರಘು ಶುರುಮಾಡಿದರು. ನಾನೂ ಬಿಡಲಿಲ್ಲ. ಕೂಗಾಡುತ್ತಲೇ ರಘು ಅವರ ಕಣ್ಣು ತುಂಬಿತು. ಆಗ ಫೋನಿನಿಂದ ದನಿ ಬಂತು.

"ಇವತ್ತು ಜನ ಜಾಸ್ತಿ."

ಅವರಿಂದ ನಾನು ಕೇಳಿದ ಕೊನೆಯ ಮಾತು ಅದು. ಸಂಜೆ ದೂರದ ಆಸ್ಪತ್ರೆಯೊಂದು ಸೇರಿಸಿಕೊಂಡಿತು. ಆ ವಾರದಲ್ಲೇ ತೀರಿಕೊಂಡರು. ದೂರದ ಫುಕುವೋಕಾದಲ್ಲಿದ್ದ ಅವರ ತಂಗಿಗೆ ಕೋವಿಡ್ ನಿಯಮದಿಂದಾಗಿ ಮುಖ ನೋಡಲೂ ಆಗಲಿಲ್ಲ, ಅಸ್ಥಿಯಷ್ಟೇ ಸಿಕ್ಕಿತು.

ಬಂದವರನ್ನು ಚೆನ್ನಾಗಿ ನೋಡಿಕೊಳ್ಳಬೇಕೆಂದು ಹೋಟೆಲ್ ಮ್ಯಾನೇಜ್‌ಮೆಂಟ್ ಓದುವಾಗ ಕಲಿತಿದ್ದೆ. ಬಾರದವರ ಕಡೆಗೂ ಗಮನವಿರಬೇಕೆಂದು ಕಲಿಸಿದ್ದು ಈ ಕೆಲಸ. ಈಗ ಒಂಟಿಯಾಗಿರುವ ಗಿರಾಕಿ ಯಾರಾದರೂ ಕಾಣದಿದ್ದರೆ ಏಪ್ರನ್ ಬಿಚ್ಚಿಟ್ಟು ಹೋಗಿ ಮನೆಯ ಬೆಲ್ ಒತ್ತುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.