ಲೇಡೀಸ್ ಟಾಯ್ಲೆಟ್‌ನ ಕೀ

ಬೈಕಂಪಾಡಿಯ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ ಕಂಪ್ರೆಸರ್ ಕೆಟ್ಟಿತ್ತು. ರಿಪೇರಿಗೆ ಹೋದವಳು ನಾನು. ಮ್ಯಾನೇಜರ್ ನನ್ನ ಬೆನ್ನ ಹಿಂದೆ ಇಣುಕಿ, "ಮೆಕ್ಯಾನಿಕ್ ಬರಲಿಲ್ವಾ?" ಎಂದರು. "ನಾನೇ" ಅಂದೆ. ಅವತ್ತು ಅಲ್ಲಿ ಮಹಿಳಾ ದಿನಾಚರಣೆ ಬೇರೆ. ಅಂಗಳದಲ್ಲಿ ಶಾಮಿಯಾನ, ವೇದಿಕೆಯ ಮೇಲೆ ಐದು ಕುರ್ಚಿ, ಐದರಲ್ಲೂ ಗಂಡಸರು.

ಕೆಲಸ ಮುಗಿದ ಮೇಲೆ, ಬೀಜ ಆರಿಸುತ್ತಿದ್ದ ಝೊಹರಾ ಎಂಬವರನ್ನು ಟಾಯ್ಲೆಟ್ ಎಲ್ಲಿ ಎಂದು ಕೇಳಿದೆ.

"ಉಂಟು, ಆದರೆ ಬೀಗ ಹಾಕಿದ್ದಾರೆ. ನಾವು ಒಳಗೆ ಹೋದರೆ ಕೆಲಸ ಬಿಟ್ಟು ಮಾತಾಡ್ತಾ ಪಟ್ಟಾಂಗ ಹೊಡೀತಾ ಕೂತ್ಕೊಳ್ತೇವಂತೆ. ಕೀ ಮ್ಯಾನೇಜರ್ ಹತ್ರ. ಗಂಡಸರ ಹತ್ರ ಹೋಗಿ ಅದನ್ನು ಎಂತ ಕೇಳುದು? ನಾವು ನೀರೇ ಕುಡಿಯುದಿಲ್ಲ."

ಅಷ್ಟರಲ್ಲಿ ಹೆಂಗಸರನ್ನೆಲ್ಲ ಕೆಲಸದಿಂದ ಎಬ್ಬಿಸಿ ಶಾಮಿಯಾನದಡಿ ಕೂರಿಸಿದರು. ಮ್ಯಾನೇಜರ್ ನನ್ನ ಹತ್ತಿರ ಓಡಿ ಬಂದರು. "ಮೇಡಂ, ಸ್ಟೇಜಿಗೆ ಬನ್ನಿ. ಲೇಡಿ ಮೆಕ್ಯಾನಿಕ್ ಅಂದ್ರೆ ಫೋಟೋ ಒಳ್ಳೆಯದಾಗ್ತದೆ. ಎರಡು ಮಾತಾಡಿ."

ಮೈಕ್ ಹಿಡಿದು, "ಸರ್, ಲೇಡೀಸ್ ಟಾಯ್ಲೆಟ್‌ನ ಕೀ ಕೊಡಿ. ನನಗೆ ಅರ್ಜೆಂಟುಂಟು" ಎಂದೆ.

ಹೆಂಗಸರು ಮೊದಲು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಆಮೇಲೆ ಝೊಹರಾ ಎದ್ದು ನಿಂತರು. "ನಮಗೂ ಅರ್ಜೆಂಟುಂಟು ಸರ್. ಮೂರು ವರ್ಷದಿಂದ."

ಮ್ಯಾನೇಜರ್ ಬೆವರುತ್ತಾ ಜೇಬು ತಡಕಿ ಕೀ ತೆಗೆದರು. ನಾನದನ್ನು ಝೊಹರಾ ಅವರ ಕೈಗೇ ಕೊಟ್ಟೆ. ಅವರು ಇವತ್ತಿನವರೆಗೂ ವಾಪಸು ಕೊಟ್ಟಿಲ್ಲವಂತೆ.

ಮುಖ್ಯ ಅತಿಥಿಗಳು ಮಾತ್ರ ಬರೆದು ತಂದದ್ದನ್ನು ಬಿಡಲಿಲ್ಲ. ಸ್ತ್ರೀಶಕ್ತಿಯ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಕೇಳಲಿಕ್ಕೆ ಒಬ್ಬ ಹೆಂಗಸೂ ಇರಲಿಲ್ಲ. ಎಲ್ಲರೂ ಕ್ಯೂನಲ್ಲಿದ್ದರು.